ಟವೆಲ್ಲಿನ ಕೆಳಗೆ ಉಳಿದ ಹಳ್ಳದ ತಿರುವು

ಎತ್ತು ಕೊಳ್ಳಲು ಹೋದಾಗ ಮೊದಲು ಬಾಯಿ ನೋಡಬೇಡಿ, ನಡಿಗೆ ನೋಡಿ. ಹಲ್ಲೆಣಿಸಿ ವಯಸ್ಸು ತಿಳಿಯಲಿ ಎಂದು ಬಾಯನ್ನಾದರೆ ಮಾರುವವನೇ ಅಗಲಿಸಿ ತೋರಿಸುತ್ತಾನೆ. ನಡಿಗೆಯನ್ನು ಎತ್ತೇ ತೋರಿಸಬೇಕು. ಅಲ್ಲಿ ಮಾರುವವನ ಆಟ ನಡೆಯುವುದಿಲ್ಲ. ಅರಸೀಕೆರೆಯ ದನದ ಸಂತೆಯಲ್ಲಿ ಬೇರೆಯವರ ಎತ್ತಿನ ಹಗ್ಗ ಹಿಡಿದುಕೊಂಡು ನಿಲ್ಲುತ್ತಿದ್ದ ದಿನಗಳಲ್ಲಿ ನಾನು ಕಲಿತ ಮೊದಲ ಪಾಠ ಇದು.

ಎರಡನೆಯದು ಟವೆಲ್ಲು. ನಮ್ಮ ಕಡೆ ದನದ ವ್ಯಾಪಾರವನ್ನು ಬಾಯಲ್ಲಿ ಮಾಡುವುದಿಲ್ಲ. ದಳ್ಳಾಳಿ ಮಾರುವವನ ಕೈಮೇಲೆ ಟವೆಲ್ಲು ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ಬೆಲೆ ಕೇಳುತ್ತಾನೆ. ಅವನೂ ಬೆರಳು ಒತ್ತಿಯೇ ಉತ್ತರ ಕೊಡುತ್ತಾನೆ. ಸುತ್ತ ನಿಂತವರಿಗೆ ಕಾಣುವುದು ಇಬ್ಬರ ಮುಖ ಮಾತ್ರ. ಬೆಲೆ ಗುಟ್ಟಾಗಿರಲಿ ಅಂತ ಈ ಪದ್ಧತಿ ಎಂದು ಎಲ್ಲರೂ ತಿಳಿದಿದ್ದಾರೆ. ಅದು ಅರ್ಧ ನಿಜ. ಮೊದಲು ಪಟ್ಟು ಸಡಿಲ ಬಿಟ್ಟವರು ಯಾರು ಎಂಬುದು ಗುಟ್ಟಾಗಿರುತ್ತದಲ್ಲ, ಅದೇ ಅದರ ಅಸಲಿ ಉಪಯೋಗ. ನಾಲ್ಕು ಜನ ನೋಡುವುದಿಲ್ಲ ಎಂದಾದರೆ ಒಂದು ಹೆಜ್ಜೆ ಹಿಂದೆ ಸರಿಯಲು ಯಾರಿಗೂ ಅಂಥ ಕಷ್ಟವಿಲ್ಲ.

ಈ ಎರಡು ಪಾಠದಿಂದಲೇ ನಾನು ದಳ್ಳಾಳಿಯಾಗಿ ಮನೆ ಕಟ್ಟಿದೆ, ಗದ್ದೆ ಕೊಂಡೆ. ಇವೇ ಎರಡರಿಂದ ಒಂದು ಹಳ್ಳದ ಕಪ್ಪೆಚಿಪ್ಪುಗಳನ್ನೂ ಉಳಿಸಿದೆ ಎಂದರೆ ಸಂತೆಯ ಹಳೆಯ ಗೆಳೆಯರು ಈಗಲೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲಿ. ಅವರ ಊರಿನ ಹಳ್ಳಕ್ಕಿಳಿದು ಒಂದು ಚಿಪ್ಪು ಹುಡುಕಿ ತರಲಿ ನೋಡೋಣ.

ನಮ್ಮೂರು ಗೆಂಡೆಹಳ್ಳಿಯ ಕಡೆ. ಊರ ಕೆಳಗೆ ಹರಿಯುವ ಹಳ್ಳ ಮುಂದೆ ಹೋಗಿ ಯಗಚಿಗೆ ಸೇರುತ್ತದೆ. ನನ್ನ ಗದ್ದೆಯ ಹತ್ತಿರ ಅದು ಕುಡುಗೋಲಿನ ಹಾಗೆ ಬಾಗುತ್ತದೆ. ಆ ತಿರುವಿನ ಎರಡೂ ದಂಡೆಯಲ್ಲಿ ಹೊಂಗೆ ಮರಗಳು, ಬೇಸಗೆಯಲ್ಲೂ ತಂಪಾದ ನೆರಳು, ಕೆಳಗೆ ಸಕ್ಕರೆ ಹರಡಿದಂಥ ಮರಳು. ನೋಡಲು ಚೆಂದ. ಆದರೆ ಜೋರು ಮಳೆ ಬಂದರೆ ನೀರಿಗೆ ಬಾಗುವ ತಾಳ್ಮೆ ಇರುತ್ತಿರಲಿಲ್ಲ. ನೆಟ್ಟಗೆ ದಂಡೆ ಹಾರಿ ನನ್ನ ಗದ್ದೆಗೂ ಪಕ್ಕದವನ ಗದ್ದೆಗೂ ನುಗ್ಗುತ್ತಿತ್ತು. ಗದ್ದೆ ಅಗ್ಗಕ್ಕೆ ಸಿಕ್ಕಿದ್ದು ಅದಕ್ಕೇ. ಹಳ್ಳದ ದಂಡೆಯ ಜಮೀನು ಕೊಳ್ಳುವವರಿಗೆ ನನ್ನ ಸಲಹೆ ಇಷ್ಟೇ: ಬೇಸಗೆಯಲ್ಲಿ ಮಾತು ಆಡಿ, ಮಳೆಗಾಲದಲ್ಲಿ ಹೋಗಿ ನೋಡಿ, ಆಮೇಲೆ ಮುಂಗಡ ಕೊಡಿ.

ಇಸವಿ ಎರಡು ಸಾವಿರ ಶುರುವಾಗುವ ಆಸುಪಾಸಿನಲ್ಲಿ ಒಂದು ಬೆಳಿಗ್ಗೆ ಆ ತಿರುವಿನಲ್ಲಿ ಒಬ್ಬ ಹೆಣ್ಣುಮಗಳು ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ನಿಂತಿದ್ದರು. ತಳಕ್ಕೆ ಗಾಜು ಕೂರಿಸಿದ ಬಕೆಟ್ಟನ್ನು ನೀರಿನ ಮೇಲಿಟ್ಟು, ಅದರೊಳಗೆ ಮುಖ ಹಾಕಿಕೊಂಡು ಏನನ್ನೋ ಹುಡುಕುತ್ತಿದ್ದರು.

“ಏನಮ್ಮಾ, ಏನ್ ಬಿದ್ದೋಯ್ತು? ಓಲೆನಾ?” ಎಂದು ದಂಡೆಯಿಂದಲೇ ಕೂಗಿದೆ.

ಬಕೆಟ್ಟಿನಿಂದ ಮುಖ ಎತ್ತಿ, “ಏನೂ ಬಿದ್ದಿಲ್ಲ ಯಜಮಾನ್ರೇ. ಕಪ್ಪೆಚಿಪ್ಪು ನೋಡ್ತಿದೀನಿ” ಎಂದರು.

“ಅದ್ರಲ್ಲಿ ಏನ್ ನೋಡೋದೈತೆ? ನಮ್ಮನೇಲಿ ತಳ ಹತ್ತಿದ ಪಾತ್ರೆ ಕೆರೆಯಕ್ಕೆ ಮಡಗವ್ರೆ. ಬನ್ನಿ, ಎರಡು ಕೊಡುಸ್ತೀನಿ.”

“ಅದು ಸತ್ತಿರೋದು. ನಾನು ನೋಡ್ತಿರೋದು ಬದುಕಿರೋದ್ನ.”

ನಿಜ ಹೇಳುತ್ತೇನೆ, ಅಲ್ಲಿಯವರೆಗೆ ಕಪ್ಪೆಚಿಪ್ಪು ಎಂದರೆ ನನಗೆ ಅಡುಗೆಮನೆಯ ಸಾಮಾನು. ಮಾವಿನಕಾಯಿ ಸಿಪ್ಪೆ ಹೆರೆಯಲು, ಪಾತ್ರೆಯ ಸೀಕು ಕೆರೆಯಲು. ಅದರೊಳಗೆ ಒಂದು ಜೀವ ಕುಳಿತಿರುತ್ತದೆ, ಅದು ನೀರು ಕುಡಿದು, ನೀರಿನಲ್ಲಿರುವ ಕಲ್ಮಶವನ್ನೆಲ್ಲ ತಿಂದು, ಸೋಸಿದ ನೀರನ್ನು ಹೊರಗೆ ಬಿಡುತ್ತದೆ ಎಂದು ಯಾರೂ ಹೇಳಿರಲಿಲ್ಲ. ಅವರು ಒಂದನ್ನು ಎತ್ತಿ ನನ್ನ ಅಂಗೈಗೆ ಇಟ್ಟರು. ಬಾಯಿ ಬಿಗಿಯಾಗಿ ಮುಚ್ಚಿತ್ತು. ಬೆನ್ನ ಮೇಲೆ ಸಾಲು ಸಾಲು ಬಳೆಯಂಥ ಗೆರೆ.

“ಇದು ವಯಸ್ಸಲ್ವೇನಮ್ಮ?” ಎಂದೆ.

“ನಿಮಗೆ ಹೇಗೆ ಗೊತ್ತು?”

“ಹಸು ಕೊಂಬಲ್ಲೂ ಹಿಂಗೇ ಬಳೆ ಬತ್ತವೆ. ಸಂತೇಲಿ ಅದನ್ನ ಉಜ್ಜಿ ನುಣ್ಣಗೆ ಮಾಡಿ ಮುದಿ ಹಸುನ ಹರೇದ್ದು ಅಂತ ಮಾರೋರು ಅವ್ರೆ. ಇದ್ನ ಯಾರೂ ಉಜ್ಜಿಲ್ಲ ತಾನೆ?”

ಅವರು ಹಳ್ಳದ ಮಧ್ಯದಲ್ಲಿ ನಿಂತು ನಕ್ಕ ನಗೆಗೆ ಹೊಂಗೆ ಮರದ ಮೇಲಿನ ಮಿಂಚುಳ್ಳಿ ಹಾರಿಹೋಯಿತು.

ಅವರು ಸಂಶೋಧನೆ ಮಾಡುತ್ತಿದ್ದವರು. ಬೇಲೂರಿನಲ್ಲಿ ರೂಮು ಮಾಡಿಕೊಂಡಿದ್ದರು. ಬಸ್ಸಿನಲ್ಲಿ ಬಂದು ಹಳ್ಳಕ್ಕಿಳಿದು ಸಂಜೆಯ ಬಸ್ಸಿಗೆ ಹಿಂತಿರುಗುತ್ತಿದ್ದರು. ಊರವರು ಅವರಿಗೆ ಚಿಪ್ಪಿನ ಮೇಡಂ ಎಂದು ಹೆಸರಿಟ್ಟರು. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ. ಮೊದಲ ದಿನ ಬೇಡ ಬೇಡ ಎಂದವರು, ನನ್ನ ಹೆಂಡತಿಯ ಅವರೆಕಾಳು ಸಾರು ಉಂಡ ಮೇಲೆ ಬೇಡ ಎನ್ನುವುದನ್ನು ಬಿಟ್ಟರು.

ಅವರು ಹಳ್ಳ ನೋಡುವ ರೀತಿಯನ್ನು ನಾನು ದಂಡೆಯಲ್ಲಿ ಕುಳಿತು ಗಮನಿಸುತ್ತಿದ್ದೆ. ನೀರು ತಿಳಿಯಾಗಿದೆ ಎಂದ ಮಾತ್ರಕ್ಕೆ ಒಪ್ಪುತ್ತಿರಲಿಲ್ಲ. ಮರಳಿಗೆ ಕೈ ತೂರಿಸಿ ಹೂಳು ಏಳುತ್ತದೆಯೇ ನೋಡುವುದು, ಕಲ್ಲು ಮಗುಚಿ ಅದರ ಅಡಿಯಲ್ಲಿ ಹುಳುಗಳಿವೆಯೇ ನೋಡುವುದು, ಮರದ ನೆರಳು ಎಲ್ಲಿಯವರೆಗೆ ಬೀಳುತ್ತದೆ, ಬೇರು ದಂಡೆಯನ್ನು ಹಿಡಿದಿದೆಯೇ, ಮೇಲ್ಗಡೆ ಯಾರು ಏನು ತೊಳೆಯುತ್ತಾರೆ, ಎಲ್ಲವನ್ನೂ ವಿಚಾರಿಸುವುದು. ಬಾಯಿ ನೋಡುತ್ತಿಲ್ಲ, ನಡಿಗೆ ನೋಡುತ್ತಿದ್ದಾರೆ ಎಂದುಕೊಂಡೆ. ಆ ದಿನದಿಂದ ಅವರ ಮೇಲೆ ನನಗೆ ಗೌರವ ಹುಟ್ಟಿತು. ವ್ಯಾಪಾರ ಬಲ್ಲವರು!

ಮೇಲ್ಗಡೆ ತೊಳೆಯುತ್ತಿದ್ದವನು ನನ್ನ ಪಕ್ಕದ ಗದ್ದೆಯವನೇ. ಆಲೂಗಡ್ಡೆಗೆ ಔಷಧಿ ಹೊಡೆದು ಬಂದು ಸ್ಪ್ರೇ ಡಬ್ಬಿಯನ್ನು ಸೀದಾ ಹಳ್ಳದಲ್ಲಿ ಅದ್ದುತ್ತಿದ್ದ. ಮೇಡಂ ನಯವಾಗಿ ಹೇಳಿ ನೋಡಿದರು. “ಆಯ್ತು ಮೇಡಂ” ಎನ್ನುವುದು, ಮಾರನೆಯ ದಿನ ಮತ್ತೆ ಅದ್ದುವುದು. ನಾನು ಒಂದೇ ಮಾತು ಹೇಳಿದೆ: “ಏನ್ಲಾ, ನಿನ್ ಎತ್ತು ಇದೇ ನೀರು ಕುಡೀತವೆ. ನಾಳೆ ನೀನು ಅವುನ್ನ ಮಾರಕ್ಕೆ ಅರಸೀಕೆರೆಗೆ ಹೊಡ್ಕಬಂದ್ರೆ, ಗಿರಾಕಿ ಕರ್ಕೊಂಡ್ ಬರೋನು ನಾನೇ ಕಣ್ಲಾ. ಔಷಧಿ ಕುಡಿದಿರೋ ಎತ್ತು ಅಂತ ನಾನು ಹೇಳ್ದೆ ಇರ್ಬೇಕಾ?” ಅಂದೇ ಸಂಜೆ ಅವನು ಹೊಲದ ಮೂಲೆಯಲ್ಲಿ ಗುಂಡಿ ತೋಡಿ, ಡಬ್ಬಿ ತೊಳೆಯಲು ಡ್ರಮ್ಮಿನಲ್ಲಿ ನೀರಿಟ್ಟುಕೊಂಡ. ಯಾರಿಗೇ ಆಗಲಿ ಬುದ್ಧಿ ಹೇಳಬೇಕಾದರೆ ಅವರ ಸ್ವಂತ ಕೊಟ್ಟಿಗೆಯಿಂದ ಶುರುಮಾಡಿ.

ಹೀಗೆ ಸುಖವಾಗಿದ್ದಾಗ ಆ ಸುದ್ದಿ ಬಂತು. ಹಳ್ಳ ನೇರ ಮಾಡುವ ಕೆಲಸ ಮಂಜೂರಾಗಿದೆ. ಭತ್ತದ ಕೊಯ್ಲು ಮುಗಿದ ತಕ್ಷಣ ಮಣ್ಣು ಅಗೆಯುವ ಯಂತ್ರ ಬರುತ್ತದೆ. ಆ ಕೆಲಸವನ್ನು ಯಾರೋ ನಮ್ಮ ಮೇಲೆ ಹೇರಿದ್ದಲ್ಲ. ಗದ್ದೆಗೆ ನೀರು ನುಗ್ಗುತ್ತದೆ ಎಂದು ನಾವೇ ಕೇಳಿ ಕೇಳಿ, ಓಡಾಡಿ ತರಿಸಿಕೊಂಡದ್ದು. ತಿರುವನ್ನು ಬಗೆದು ಮುಚ್ಚಿ, ನಡುವೆ ಗೆರೆ ಎಳೆದ ಹಾಗೆ ಹಳ್ಳ ತೋಡುತ್ತಾರೆ ಎಂದರು.

ಅಂದು ಮೇಡಂ ನಮ್ಮ ಜಗುಲಿಯ ಮೇಲೆ ಕುಳಿತೇ ಇದ್ದರು. ಕಾಫಿ ಆರಿಹೋಯಿತು.

“ಆ ತಿರುವಿಗೆ ಮೆಷಿನ್ ಇಳಿದರೆ ಮುಗೀತು ಯಜಮಾನ್ರೇ. ಬೇರೆ ಹಳ್ಳಗಳಲ್ಲಿ ಮರಳು ಎತ್ತಿ, ಹೂಳು ತುಂಬಿ, ಈ ಜಾತಿ ಚಿಪ್ಪು ಹೋಗೇಬಿಟ್ಟಿದೆ. ಒಂದೊಂದು ಕಡೆ ಮುದಿಯವು ಉಳಿದಿವೆ ಅಷ್ಟೇ. ಮರಿ ಆಗ್ತಿರಬಹುದು ಅನ್ನೋ ಆಸೆ ನನಗಿರೋದು ಇಲ್ಲಿ ಮಾತ್ರ. ಇನ್ನೂ ಒಂದು ಮರೀನೂ ಕಣ್ಣಿಗೆ ಬಿದ್ದಿಲ್ಲ. ಅದಕ್ಕೆ ಮೊದಲೇ...” ಎಂದು ನಿಲ್ಲಿಸಿದರು.

ನನ್ನ ಹೆಂಡತಿ ಒಳಗಿನಿಂದ ಬಂದು ಸೊಂಟದ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದಳು. “ಕುಂಟೆತ್ತನ್ನ ಕುಣಿಯೋ ಎತ್ತು ಅಂತ ಮಾರಿ ಬಂದೋರು ನೀವು. ಒಂದು ಹಳ್ಳ ಉಳಿಸ್ಕೊಡಕ್ಕೆ ಆಗಲ್ವೇನ್ರೀ? ಏನ್ ದಳ್ಳಾಳಿನೋ ನೀವು!”

ಹೆಂಡತಿ ಹಾಗೆ ಕೆಣಕಿದರೆ ಸುಮ್ಮನೆ ಕೂರುವ ಜಾತಿ ನನ್ನದಲ್ಲ. ದನ ಸಾಕಿದವನ ತಲೆಗೆ ಹೊಳೆಯುವುದು ಏನು? ಕೊಟ್ಟಿಗೆ ಬೀಳುವಂತಿದ್ದರೆ ದನವನ್ನು ಬೇರೆ ಕೊಟ್ಟಿಗೆಗೆ ಹೊಡೆದುಕೊಂಡು ಹೋಗಬೇಕು. ಮೇಡಂ ಬೇಲೂರಿನ ಬಸ್ಸು ಹತ್ತಿದ್ದೇ ತಡ, ಮಂಕರಿ ಬುಟ್ಟಿ ತೆಗೆದುಕೊಂಡು ಹಳ್ಳಕ್ಕಿಳಿದೆ. ಕೈಗೆ ಸಿಕ್ಕ ಚಿಪ್ಪುಗಳನ್ನು ಒದ್ದೆ ಗೋಣಿತಾಟಿನಲ್ಲಿ ಸುತ್ತಿ ತಂದು, ಎತ್ತುಗಳಿಗೆ ನೀರಿಡುವ ಕಲ್ಲುಬಾನಿಯಲ್ಲಿ ಹಳ್ಳದ್ದೇ ನೀರು ತುಂಬಿಸಿ ಬಿಟ್ಟೆ. ಪರಸ್ಥಳಕ್ಕೆ ಬಂದ ಜೀವ, ಹಸಿದಿರುತ್ತದೆ ಅಲ್ಲವೇ? ಒಂದು ಹಿಡಿ ತೌಡು ಕಲಸಿದೆ. ಪಕ್ಕದ ಕರುವಿನ ಬಾನಿಗೂ ಅಷ್ಟೇ ತೌಡು ಹಾಕಿದೆ, ಅದು ಕರುವಿಗೆ.

ಬೆಳಿಗ್ಗೆ ಮೇಡಂ ಬಂದಾಗ ಹೆಮ್ಮೆಯಿಂದ ಕೊಟ್ಟಿಗೆಗೆ ಕರೆದುಕೊಂಡು ಹೋದೆ. “ಹೆದರಬೇಡಿ ಮೇಡಮ್ಮೋರೇ, ನಿಮ್ಮ ಮಂದೆ ಕ್ಷೇಮವಾಗೈತೆ. ಮೇವೂ ಹಾಕಿದೀನಿ.”

“ಮೇವಾ?”

“ತೌಡು. ಹಿಂಡಿ ಹಾಕಕ್ಕೆ ಹೊಂಟಿದ್ದೆ, ಹೊಸಬರಿಗೆ ಹೊಟ್ಟೆಗೆ ಹಿಡೀತದೋ ಇಲ್ವೋ ಅಂತ ಬಿಟ್ಟೆ.”

ಅವರು ಬಾನಿ ನೋಡಿದರು, ನನ್ನ ಮುಖ ನೋಡಿದರು, ಹುಲ್ಲಿನ ಕಂತೆಯ ಮೇಲೆ ಕುಸಿದು ಕುಳಿತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನನ್ನ ಹೆಂಡತಿಯಂತೂ ಬಾಗಿಲ ಚೌಕಟ್ಟು ಹಿಡಿದುಕೊಂಡು, “ಅಯ್ಯೋ, ಮೂಗುದಾರ ಒಂದು ಹಾಕೋದು ಮರೆತ್ರಲ್ಲ!” ಎಂದಳು.

ನಗು ನಿಂತ ಮೇಲೆ ಎಲ್ಲರ ಕಣ್ಣೂ ಒಟ್ಟಿಗೆ ಬಾನಿಯ ಮೇಲೆ ಬಿತ್ತು. ಕರುವಿನ ಬಾನಿಯ ನೀರು ಮಜ್ಜಿಗೆಯ ಹಾಗೆ ಬೆಳ್ಳಗೆ ಕದಡಿಕೊಂಡೇ ಇತ್ತು. ಚಿಪ್ಪುಗಳಿದ್ದ ಬಾನಿಯ ತಳದ ಉಳಿಯೇಟಿನ ಗುರುತು ಒಂದೊಂದೂ ಎಣಿಸುವ ಹಾಗೆ ಕಾಣುತ್ತಿತ್ತು. ಅಷ್ಟರಲ್ಲಿ ನಗು ಕೇಳಿ ಬೇಲಿ ದಾಟಿ ಬಂದ ಪಕ್ಕದ ಗದ್ದೆಯವನೂ ಇಣುಕಿದ.

“ಏನ್ಲಾ ಇದು, ಪಟಿಕ ತಿರುವಿದ್ಯಾ ನೀರಿಗೆ?”

“ಪಟಿಕ ಅಲ್ಲ ಕಣ್ಲಾ, ಕಪ್ಪೆಚಿಪ್ಪು. ನೀನು ದಿನಾ ಡಬ್ಬಿ ತೊಳ್ದು ವಿಷ ಕುಡುಸ್ತಿದ್ದೆಯಲ್ಲ, ಅವೇ.”

ಅವನು ಎರಡೂ ಬಾನಿಗೆ ಬೆರಳದ್ದಿ ನೋಡಿದ. ಮತ್ತೊಂದು ಸಲ ಚಿಪ್ಪಿನ ಬಾನಿಗೇ ಅದ್ದಿದ. ಎರಡನೇ ಸಲ ಮುಟ್ಟಿ ನೋಡಿದ ಗಿರಾಕಿ ಅರ್ಧ ಒಪ್ಪಿದ ಗಿರಾಕಿ ಎಂದು ಸಂತೆಯಲ್ಲಿ ಕಂಡುಕೊಂಡಿದ್ದೇನೆ.

ಚಿಪ್ಪುಗಳನ್ನು ಮತ್ತೆ ಹಳ್ಳಕ್ಕೆ ಹೊತ್ತುಕೊಂಡು ಹೋಗುವಾಗ ಮೇಡಂ ಸಮಾಧಾನವಾಗಿ ಬಿಡಿಸಿ ಹೇಳಿದರು. ಬಾನಿಯಲ್ಲಿ ಒಂದೆರಡು ದಿನ ಬದುಕುತ್ತವೆ, ಸಂಸಾರ ನಡೆಯುವುದಿಲ್ಲ. ತಾಯಿಚಿಪ್ಪು ನೀರಿಗೆ ಬಿಟ್ಟ ಮರಿಗಳು ಕಣ್ಣಿಗೂ ಸರಿಯಾಗಿ ಕಾಣದಷ್ಟು ಸಣ್ಣವು. ಅವು ಮೀನಿನ ಕಿವಿರಿಗೆ ಕಚ್ಚಿಕೊಂಡು ಒಂದಷ್ಟು ದಿನ ಅದರ ಜೊತೆ ತಿರುಗಾಡಿ, ಆಮೇಲೆ ಮರಳಿಗೆ ಉದುರಿ ಬೆಳೆಯುತ್ತವೆ. ಆ ಮೀನೂ ಬೇಕು, ಹರಿಯುವ ನೀರೂ ಬೇಕು, ಹೂಳಿಲ್ಲದ ಮರಳೂ ಬೇಕು.

“ಟಿಕೆಟ್ ಇಲ್ದೆ ಬಸ್ಸತ್ತೋ ಜಾತಿ ಅನ್ನಿ” ಎಂದೆ.

“ಹೌದು. ಬಸ್ ಸ್ಟ್ಯಾಂಡೇ ಕಿತ್ತು ಹಾಕಿದ್ರೆ ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು ಹೇಳಿ?”

ಸರಿ. ದನವನ್ನು ಸರಿಸಲಾಗದಿದ್ದರೆ ಗಿರಾಕಿಯನ್ನೇ ಸರಿಸಬೇಕು. ಕೆಲಸ ನೋಡಿಕೊಳ್ಳುವ ಕಿರಿಯ ಇಂಜಿನಿಯರನ್ನು ಬೇಲೂರಿನಲ್ಲಿ ಕಂಡು ಕೇಳಿದೆ. ಅವರು ಸಜ್ಜನ. “ಗದ್ದೆಗೆ ನೀರು ನುಗ್ಗಬಾರದು, ಅಷ್ಟು ನನಗೆ ಬೇಕು. ತಿರುವು ಬಿಟ್ಟು ಪಕ್ಕದಲ್ಲಿ ನೆರೆನೀರಿಗೆ ಕಾಲುವೆ ತೆಗೆದರೂ ಆಗುತ್ತೆ. ಆದರೆ ಜಾಗ ಕೊಡೋರು ಯಾರು? ಗುತ್ತಿಗೆದಾರರು ಒಪ್ಪಬೇಕಲ್ಲ? ಇಬ್ಬರನ್ನೂ ಒಪ್ಪಿಸಿ ಬನ್ನಿ, ಮೇಲಿನವರಿಗೆ ಹೇಳಿ ಗೆರೆ ಬದಲಿಸೋಣ” ಎಂದರು.

ಜಾಗ ಕೊಡುವವನು ನಾನೇ ಆಗಬೇಕಿತ್ತು. ಕಾಲುವೆ ಹೋಗುವುದಾದರೆ ನನ್ನ ಗದ್ದೆಯ ಅಂಚಿನಲ್ಲೇ. ಗುತ್ತಿಗೆದಾರನಿಗೆ ಬೇಕಾಗಿದ್ದುದು ಏನು ಎಂದು ಪತ್ತೆ ಹಚ್ಚಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ತಿರುವಿನ ಮರಳಿನ ಮೇಲೆ ಅವನಿಗೆ ಕಣ್ಣು. ಅದಕ್ಕಿಂತ ಮುಖ್ಯ, ಹಳ್ಳದ ಸೇತುವೆಯ ರಸ್ತೆ ಎತ್ತರಿಸುವ ಕೆಲಸವೂ ಅವನದೇ. ಅದಕ್ಕೆ ಗ್ರಾವೆಲ್ ಮಣ್ಣನ್ನು ಬೇಲೂರು ದಾಟಿ ದೂರದಿಂದ ಹೊಡೆಸಿಕೊಳ್ಳುತ್ತಿದ್ದ. ನನ್ನ ಗದ್ದೆಯ ಮೇಲ್ಗಡೆ ಅಂಥದೇ ಮಣ್ಣಿನ ಒಂದು ದಿಬ್ಬವಿತ್ತು, ಅದೂ ನನ್ನದೇ. ಲಂಟಾನ ಬಿಟ್ಟರೆ ಅದರಲ್ಲಿ ಏನೂ ಬೆಳೆಯುತ್ತಿರಲಿಲ್ಲ.

ಗುತ್ತಿಗೆದಾರ ಜಾಗ ನೋಡಲು ಬಂದ ದಿನ ನಾನು ಹಳ್ಳದ ಮಾತೇ ಎತ್ತಲಿಲ್ಲ. ನಿಮಗೆ ಬೇಕಾದದ್ದನ್ನು ಯಾವತ್ತೂ ಮೊದಲು ಬಾಯಿಬಿಟ್ಟು ಕೇಳಬೇಡಿ. ಅವನಿಗೆ ಮಜ್ಜಿಗೆ ಕೊಟ್ಟು, ದಿಬ್ಬದ ನೆತ್ತಿಯ ಮೇಲೆ ಕರೆದುಕೊಂಡು ಹೋಗಿ ನಿಟ್ಟುಸಿರು ಬಿಟ್ಟೆ.

“ಈ ದಿಬ್ಬ ಒಂದು ಪೀಡೆ ಕಣಣ್ಣ. ಗುದ್ದಲಿ ಹಾಕಿದ್ರೆ ಠಣ್ ಅಂತದೆ. ಬರೀ ಕಲ್ಲುಮಣ್ಣು.”

ಅವನು ಬೂಟಿನ ತುದಿಯಿಂದ ಮಣ್ಣು ಕೆದರಿದ. ಬಗ್ಗಿ ಒಂದು ಹಿಡಿ ತೆಗೆದು ತಿಕ್ಕಿ ನೋಡಿದ. ಕಣ್ಣು ಮಿಂಚಿದ್ದು ನನಗೆ ಕಾಣಬಾರದು ಎಂದು ಆಕಾಶ ನೋಡಿದ.

“ತೆಗೆಸಿಬಿಡ್ಬೋದು ಯಜಮಾನ್ರೇ” ಎಂದ, ಬಹಳ ಉದಾಸೀನವಾಗಿ.

“ತೆಗೆಸ್ಬೋದು. ಆದ್ರೆ ನಿಮ್ ಮೆಷಿನ್ ಅಲ್ಲಿ ಹಳ್ಳದಲ್ಲಿರ್ತದಲ್ಲ.”

ಆಗ ಅವನಿಗೆ ವಾಸನೆ ಹತ್ತಿತು. ನನ್ನ ಮುಖ ನೋಡಿ ನಕ್ಕ. “ಏನ್ ಬೇಕು ಹೇಳಿ.”

ನಾನು ಹೇಳಲಿಲ್ಲ. ಹೆಗಲ ಮೇಲಿನ ಟವೆಲ್ಲು ತೆಗೆದು ಕೊಡವಿದೆ. ಅಷ್ಟರಲ್ಲಿ ಊರಿನ ಮುಕ್ಕಾಲು ಜನ ದಿಬ್ಬದ ಸುತ್ತ ಸೇರಿದ್ದರು. ಅವನ ಮುಖ ಅರಳಿತು.

“ಅಯ್ಯೋ ಯಜಮಾನ್ರೇ! ನಮ್ಮಪ್ಪ ಹಳೇಬೀಡಿನ ಕಡೆ ಎಲ್ಲಾ ಸಂತೇಲೂ ಎತ್ತು ಕಟ್ಟೋರು. ಎಷ್ಟು ವರ್ಷ ಆಯ್ತು ಈ ಆಟ ನೋಡಿ!” ಎಂದವನೇ ತೋಳು ಮಡಿಸಿ ಕೈ ಚಾಚಿದ.

ಟವೆಲ್ಲು ಹೊದಿಸಿದೆ. ಮೊದಲು ಕಿವಿಯ ಹತ್ತಿರ ಬಾಯಿಟ್ಟು ಷರತ್ತು ಹೇಳಿದೆ: ಯಂತ್ರ ತಿರುವಿಗೆ ಇಳಿಯಬಾರದು, ಮರಳು ಮುಟ್ಟಬಾರದು, ಹೊಂಗೆ ಬೇರು ಕಡಿಯಬಾರದು, ನನ್ನ ಗದ್ದೆಯ ಅಂಚಿನಲ್ಲಿ ಕಾಲುವೆ ತೋಡಿಕೊಡಬೇಕು. ಅದಕ್ಕೆ ಬದಲಾಗಿ ದಿಬ್ಬದಿಂದ ಎಷ್ಟು ಲೋಡು ಮಣ್ಣು ಎಂಬುದು ಮಾತ್ರ ಬೆರಳಿನದು. ಅವನು ಒತ್ತಿದ. ನಾನು ತಲೆ ಅಲ್ಲಾಡಿಸಿ ಬೆರಳು ಮಡಿಸಿದೆ. ಅವನು ಹುಬ್ಬು ಗಂಟು ಹಾಕಿ ಇನ್ನೊಂದು ಬೆರಳು ಹಿಡಿದ. “ನಿಮ್ಮಪ್ಪ ಹಿಂಗೆ ಎಳೀತಿರಲಿಲ್ಲ ಕಣಣ್ಣ!” ಎಂದು ನಾನು ರೇಗಿಸಿದರೆ, “ನಮ್ಮಪ್ಪಂಗೆ ಯಾರೂ ದಿಬ್ಬ ಮಾರಿರಲಿಲ್ಲ” ಎಂದು ಅವನು. ಜನ ಗೊಳ್ಳೆಂದರು. ಮೇಡಂ ಮಾತ್ರ ನನ್ನ ಹೆಂಡತಿಯ ಕೈ ಹಿಡಿದುಕೊಂಡು ಟವೆಲ್ಲನ್ನೇ ನೋಡುತ್ತಿದ್ದರು, ಅದರ ಕೆಳಗೆ ಇಡೀ ಹಳ್ಳವೇ ಇದೆ ಎನ್ನುವ ಹಾಗೆ.

ಕೊನೆಗೆ ಎರಡೂ ಕೈ ಒಮ್ಮೆಲೇ ಬಿಗಿಯಾದವು. ಟವೆಲ್ಲು ಎತ್ತಿ ಹೆಗಲಿಗೆ ಹಾಕಿಕೊಂಡೆ.

“ಆಯ್ತಾ?” ಎಂದು ಮೇಡಂ ಕೇಳಿದರು.

“ಆಯ್ತು.”

“ಯಾರಿಗೆ ಲಾಭ?”

“ಅದನ್ನ ಕೇಳ್ಬಾರ್ದು ಮೇಡಮ್ಮೋರೇ. ಟವೆಲ್ಲಿಗೆ ಅವಮಾನ.”

ಆ ದಿನದಿಂದ ಗುತ್ತಿಗೆದಾರ ಸಿಕ್ಕವರಿಗೆಲ್ಲ, “ಯಜಮಾನ್ರ ದಿಬ್ಬ ಹೊಡೆದುಬಿಟ್ಟೆ” ಎಂದು ಹೇಳಿಕೊಂಡ. ನಾನು, “ದಿಬ್ಬ ಪುಕ್ಕಟೆ ಸಪಾಟಾಯಿತು” ಎಂದು ಹೇಳಿಕೊಂಡೆ. ಇಬ್ಬರೂ ನಿಜವನ್ನೇ ಹೇಳುತ್ತಿದ್ದೆವು. ಇಂಜಿನಿಯರು ಮಾತಿನಂತೆ ಗೆರೆ ಬದಲಿಸಿಕೊಟ್ಟರು. ಯಂತ್ರ ಬಂದ ದಿನ ಮೇಡಂ ಬೆಳಗಿನಿಂದ ಸಂಜೆಯವರೆಗೆ ಛತ್ರಿ ಹಿಡಿದು ಕಾವಲು ನಿಂತರು. ಕಾಲುವೆಯ ಬಾಯಿಯನ್ನು ಹಳ್ಳದ ಮಾಮೂಲು ಮಟ್ಟಕ್ಕಿಂತ ಮೇಲೆಯೇ ಇಡಿಸಿದರು. ಸಾಧಾರಣ ನೀರು ತಿರುವಿನಲ್ಲೇ ಹರಿಯಬೇಕು, ಉಕ್ಕಿದ ನೀರು ಮಾತ್ರ ಕಾಲುವೆಗೆ ಹತ್ತಬೇಕು ಎಂಬುದು ಅವರ ಹಟ. ತೋಡಿದ ಮಣ್ಣು ಹಳ್ಳಕ್ಕೆ ಜಾರದ ಹಾಗೆ ಪಕ್ಕದ ಗದ್ದೆಯವನು ತಾನಾಗಿಯೇ ಬಂದು ಹುಲ್ಲುಸಮೇತ ಕಿತ್ತ ಮಣ್ಣಿನ ಹೆಂಟೆ ಜೋಡಿಸಿದ. ಬಾನಿಯ ನೀರು ಅವನಲ್ಲಿ ಕೆಲಸ ಮಾಡಿತ್ತು.

ಆ ಸಲದ ಮಳೆ ಜೋರಾಗಿಯೇ ಬಂತು. ಹಳ್ಳ ಉಕ್ಕಿದ್ದು ಕೇಳಿ ನಾವೆಲ್ಲ ಗೋಣಿಚೀಲದ ಗೊಪ್ಪೆ ತಲೆಗೆ ಹೊದ್ದುಕೊಂಡು ಓಡಿದೆವು. ಕೆಂಪು ನೀರು ಹೊಸ ಕಾಲುವೆಯಲ್ಲಿ ಗೂಳಿಯ ಹಾಗೆ ನುಗ್ಗಿ ಕೆಳಗಡೆ ಹೋಗಿ ಮತ್ತೆ ಹಳ್ಳಕ್ಕೆ ಬೀಳುತ್ತಿತ್ತು. ನನ್ನ ಪೈರು ನಿಂತಿತ್ತು, ಪಕ್ಕದವನ ಪೈರೂ ನಿಂತಿತ್ತು. ಅವನು ಮಳೆಯಲ್ಲೇ ನನ್ನನ್ನು ತಬ್ಬಿಕೊಂಡ, ಇಬ್ಬರೂ ಬದುವಿನಿಂದ ಕೆಸರಿಗೆ ಜಾರಿದೆವು. ಆದರೆ ಮೇಡಂ ಮುಖ ಇನ್ನೂ ಪೂರ್ತಿ ತಿಳಿಯಾಗಿರಲಿಲ್ಲ. ಗದ್ದೆ ಉಳಿದದ್ದು ನಮಗೆ ಕಾಣುತ್ತಿತ್ತು. ಮರಳಿನೊಳಗೆ ಏನು ಉಳಿದಿದೆ ಎಂದು ನೀರು ಇಳಿಯದೆ ಹೇಳುವಂತಿರಲಿಲ್ಲ.

ಮಳೆಗಾಲ ಕಳೆದು ಹಳ್ಳ ತಿಳಿಯಾದ ಮೇಲೆ ಒಂದು ಮಧ್ಯಾಹ್ನ ದಂಡೆಯಿಂದ ಕೂಗು ಕೇಳಿಸಿತು. ಯಾರೋ ಬಿದ್ದರೆಂದು ನಾನೂ ಹೆಂಡತಿಯೂ ಕೈತುತ್ತು ಬಿಟ್ಟು ಓಡಿದೆವು. ಮೇಡಂ ತಿರುವಿನ ನಡುವೆ ನಿಂತು ಎರಡೂ ಕೈ ಬೊಗಸೆ ಮಾಡಿಕೊಂಡಿದ್ದರು. ಬಕೆಟ್ಟು ತಾನೇ ತೇಲಿಕೊಂಡು ಹೋಗುತ್ತಿತ್ತು; ಅದರ ಕಡೆ ಅವರ ಗಮನವೇ ಇರಲಿಲ್ಲ.

“ಬನ್ನಿ, ಬನ್ನಿ! ಅಕ್ಕಾ, ನೀವೂ ಇಳೀರಿ!”

ಹೆಂಡತಿ ಸೀರೆ ಎತ್ತಿ ಕಟ್ಟಿಕೊಂಡು ನನಗಿಂತ ಮೊದಲೇ ಇಳಿದಳು. ಬೊಗಸೆಯ ಮರಳಿನಲ್ಲಿ ಕಿರುಬೆರಳ ಉಗುರಿನಷ್ಟು ಚಿಪ್ಪು. ಒಂದಲ್ಲ, ಇನ್ನೂ ಒಂದೆರಡು. ತೆಳ್ಳಗೆ, ಬೆಳಕು ಹಾಯುವಷ್ಟು ತೆಳ್ಳಗೆ, ಜೇನಿನ ಬಣ್ಣ.

ಒಂದನ್ನು ನನ್ನ ಅಂಗೈಗೆ ಇಟ್ಟರು. ಹಳೆಯ ಅಭ್ಯಾಸ, ಹೆಬ್ಬೆರಳಿನಿಂದ ಮೆಲ್ಲಗೆ ತಿರುಗಿಸಿ ಬೆನ್ನು ನೋಡಿದೆ. ಬಳೆ ಇನ್ನೂ ಸರಿಯಾಗಿ ಬಿದ್ದೇ ಇರಲಿಲ್ಲ.

“ಏನ್ರೀ ಅದು, ಹಲ್ಲು ಎಣಿಸ್ತಿದೀರಾ?” ಎಂದಳು ಹೆಂಡತಿ.

“ಹಾಲುಹಲ್ಲು ಕಣೇ” ಎಂದೆ. “ಅಪ್ಪಟ ಹಾಲುಹಲ್ಲು. ಬೆಲೆ ಕಟ್ಟಕ್ಕಾಗಲ್ಲ.”

ಮೇಡಂ ನಗುತ್ತಲೇ ಅಳುತ್ತಿದ್ದರು. ಅವರು ಹೇಳಿದ ಜಾಗದಲ್ಲಿ, ಹೊಂಗೆಯ ನೆರಳು ಬೀಳುವಲ್ಲಿ, ಅದನ್ನು ಮರಳ ಮೇಲೆ ಇಟ್ಟೆ. ಮೂವರೂ ನೀರು ಕದಡದ ಹಾಗೆ ಪಕ್ಕಕ್ಕೆ ಸರಿದು, ಬಗ್ಗಿ ನೋಡುತ್ತ ನಿಂತೆವು. ಸ್ವಲ್ಪ ಹೊತ್ತು ಅದು ಸತ್ತ ಹಾಗೆ ಬಿದ್ದಿತ್ತು. ಆಮೇಲೆ ಬಾಯಿ ಕೂದಲೆಳೆಯಷ್ಟು ತೆರೆಯಿತು. ಬಿಳಿಯ ಪುಟ್ಟ ಕಾಲೊಂದು ಹೊರಗೆ ಬಂದು, ಈಗತಾನೆ ಹುಟ್ಟಿದ ಕರು ಕೆಚ್ಚಲು ಹುಡುಕುವ ಹಾಗೆ ಅಲ್ಲಿ ಇಲ್ಲಿ ತಡವಿ, ಮರಳನ್ನು ಹಿಡಿದುಕೊಂಡಿತು. ಒಂದು ಸಲ ಎದ್ದು ನಿಂತು ವಾಲಿತು, ಮತ್ತೊಂದು ಸಲ ನೆಟ್ಟಗಾಯಿತು. ನಾವು ನೋಡುತ್ತಿದ್ದಂತೆಯೇ ಮರಳಿನೊಳಗೆ ಇಳಿದು ಹೋಯಿತು.

“ನಡಿಗೆ ಚೆನ್ನಾಗೈತೆ” ಎಂದೆ.